ಸಂಗೀತದ ಮೇಡಂ ಬಾಯಿ ಮುಚ್ಚಿದ್ದು

ಸಂಗೀತದ ಮೇಡಂಗೆ ಮಕ್ಕಳು ಇಟ್ಟ ಹೆಸರು ಮೈಕಮ್ಮ. ಹಾಗಂತ ಅವರು ಮೈಕು ಹಿಡಿದವರಲ್ಲ, ಮೈಕೇ ಬೇಡದವರು. ಅವರು ಸಂಗೀತದ ಕೋಣೆಯಲ್ಲಿ ಬಾಯಿ ತೆರೆದರೆ ಆಟದ ಮೈದಾನದ ಆ ತುದಿಯಲ್ಲಿ ತೂಕಡಿಸುತ್ತಿದ್ದ ಡ್ರಿಲ್ ಮೇಷ್ಟ್ರು ದಡಬಡಿಸಿ ಎದ್ದು ನಿಲ್ಲುತ್ತಿದ್ದರು. ಸಂಗೀತದ ಕೋಣೆ ಅಂದೆನಲ್ಲ, ಅದು ಕೋಣೆಯೂ ಅಲ್ಲ ಬಿಡಿ. ನೀರೆತ್ತುವ ಪಂಪ್ ಇದ್ದ ಶೆಡ್ಡಿಗೆ ಒತ್ತಿಕೊಂಡ, ಮುರಿದ ಬೆಂಚು ತುಂಬಿದ್ದ ಜಾಗ. ಪಂಪ್ ಹನ್ನೊಂದಕ್ಕೆ ಶುರುವಾಗುತ್ತಿತ್ತು, ಮೇಡಂ ಪೀರಿಯಡ್ಡೂ ಹನ್ನೊಂದಕ್ಕೇ. ಇಪ್ಪತ್ತೆರಡು ವರ್ಷ ಇಬ್ಬರೂ ಜಿದ್ದಿಗೆ ಬಿದ್ದು ಕೂಗಿದ್ದರು. ಈ ನಡುವೆ ಪಂಪನ್ನು ಎರಡು ಸಲ ಬದಲಾಯಿಸಿದ್ದರು, ಮೇಡಂ ಮಾತ್ರ ಅವರೇ ಇದ್ದರು.

ಈ ವರ್ಷ ಪಂಪಿಗಿಂತ ದೊಡ್ಡ ಎದುರಾಳಿ ಹುಟ್ಟಿಕೊಂಡ. ಹೊಸದಾಗಿ ಬಂದ ಗಣಿತದ ಮೇಷ್ಟ್ರು. ಇನ್ನೂ ಹುಡುಗ, ಇದೇ ಶಾಲೆಯಲ್ಲಿ ಓದಿದವನು, ಅಂದರೆ ಮೇಡಂ ಶಿಷ್ಯನೇ. ಟೀಚರುಗಳ ಮೀಟಿಂಗಿನಲ್ಲಿ ಎದ್ದು ನಿಂತು, "ಸಾರ್, ವಾರಕ್ಕೆ ಎರಡು ಸಂಗೀತದ ಪೀರಿಯಡ್ ಇದೆಯಲ್ಲ, ಅವನ್ನ ನನಗೆ ಕೊಡಿ. ರಿಸಲ್ಟ್ ತೋರಿಸ್ತೀನಿ" ಅಂದುಬಿಟ್ಟ. ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಇರುವುದೇ ಎರಡು ಪೀರಿಯಡ್ಡು. ಅವೂ ಹೋದರೆ ಅವರಿಗೆ ಉಳಿಯುವುದು ಹಾಜರಿ ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ.

ಹೆಡ್ಮಾಸ್ಟರು ಯಾರ ಮನಸ್ಸನ್ನೂ ನೋಯಿಸದೆ ಎಲ್ಲರ ತಲೆನೋವನ್ನೂ ಹೆಚ್ಚಿಸುವ ಮನುಷ್ಯ. ಮೇಜಿನ ಮೇಲಿನ ಕಾಗದದ ರಾಶಿಯಿಂದ ಒಂದು ಸುತ್ತೋಲೆ ಎಳೆದರು. "ಶಾಲಾ ಸಂಗೀತ ಶಿಕ್ಷಕರ ಸಮ್ಮೇಳನವಂತೆ ಮೇಡಂ. ಭಾನುವಾರದಿಂದ ಮೂರು ದಿನ. ಹೋಗಿ ಬನ್ನಿ. ಬಂದ್ಮೇಲೆ ಶುಕ್ರವಾರ ಎಲ್ಲರ ಮುಂದೆ ಮಕ್ಕಳ ಕೈಲಿ ಹಾಡಿಸಿ. ಹೋಗಿ ಬಂದದ್ದಕ್ಕೆ ಏನು ಪ್ರಯೋಜನ ಆಯ್ತು ಅನ್ನೋದು ಕಣ್ಣಿಗೆ ಕಾಣ್ಬೇಕು. ಕಂಡ್ರೆ ಪೀರಿಯಡ್ ನಿಮ್ದು, ಕಾಣ್ದಿದ್ರೆ ಅವರದು."

"ಸಂಗೀತ ಕಣ್ಣಿಗೆ ಕಾಣಲ್ಲ ಸಾರ್, ಕಿವಿಗೆ ಕೇಳುತ್ತೆ."

"ನಮ್ಮ ಸ್ಕೂಲ್ ಕಮಿಟಿಗೆ ಕಿವಿ ಇಲ್ಲ ಮೇಡಂ" ಅಂದರು ಹೆಡ್ಮಾಸ್ಟರು, ತೀರಾ ಮೆತ್ತಗೆ.

ಮನೆಯಲ್ಲಿ ಯಜಮಾನರು ಕಿಟಕಿ ಪಕ್ಕ ಕೂತು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದರು. ಅದೇ ಅವರ ಕಸುಬು. ಕಸುಬಿನ ಅರ್ಧ ಕಿವಿಯಲ್ಲೇ ಇರುತ್ತದೆ, ಟಿಕ್ ಟಿಕ್ ಎಲ್ಲಿ ಎಡವುತ್ತಿದೆ ಅಂತ ಕೇಳಿಸಿಕೊಳ್ಳಬೇಕು. ಅಂಥವರಿಗೆ ಇಂಥ ಹೆಂಡತಿ.

"ಇಪ್ಪತ್ತೆರಡು ವರ್ಷ ಪಾಠ ಮಾಡಿ ಈಗ ನಾನು ಹೋಗಿ ಬೆಂಚಿನ ಮೇಲೆ ಕೂತ್ಕೋಬೇಕಂತೆ ಕಣ್ರೀ! ಅಲ್ಲಿ ನನಗೆ ಹೇಳ್ಕೊಡೋಕೆ ಯಾರಿಗೆ ಏನಿದೆ?"

"ಹೋಗಿ ಬಾರೇ. ಮೂರು ದಿನ ನಾನು..." ಅಂದವರು ಮುಂದಿನ ಮಾತನ್ನು ನುಂಗಿಕೊಂಡರು.

"ಮೂರು ದಿನ ನೀವು ಏನು?"

"ಬೇಜಾರು ಮಾಡ್ಕೋತೀನಿ ಅಂದೆ" ಅಂದರು ಯಜಮಾನರು. ಆದರೆ ಮುಖದಲ್ಲಿ ಬೇಜಾರಿನ ಸುಳಿವೂ ಇರಲಿಲ್ಲ.

ಸಮ್ಮೇಳನ ಅಂದರೆ ಗೊತ್ತಲ್ಲ, ಕೊರಳಿಗೊಂದು ಚೀಟಿ, ಕೈಗೊಂದು ಚೀಲ, ಬರೆಯದ ಒಂದು ಪೆನ್ನು. ದೊಡ್ಡ ಸಭಾಂಗಣದಲ್ಲಿ ಇನ್ನೂರು ಜನ ಸಂಗೀತದ ಟೀಚರುಗಳು. ಉದ್ಘಾಟನೆಗೆ ಬಂದ ಅಧಿಕಾರಿ ಉತ್ಸಾಹ ತಡೆಯಲಾರದೆ ಎರಡು ಸಾಲು ಹಾಡಿದರು. ಇನ್ನೂರು ಮುಖಗಳೂ ಒಟ್ಟಿಗೆ ಹುಳಿ ಕಚ್ಚಿದ ಹಾಗೆ ಕಿವುಚಿಕೊಂಡವು. ಆಮೇಲೆ ಮೈಕು ಕುಯ್ಯೋ ಅಂತ ಕಿರುಚಿತು. ಬೇರೆ ಯಾರಾದರೂ ಆಗಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇವರು, ಕಿರುಚಿದ್ದು ಯಾವ ಸ್ವರದಲ್ಲಿ ಅಂತ ವಾದಕ್ಕೆ ನಿಂತರು. ಅಧಿಕಾರಿ ಭಾಷಣ ಮುಗಿಸಿ ಕಾರು ಹತ್ತಿದರೂ ವಾದ ಮುಗಿದಿರಲಿಲ್ಲ. ಮೇಡಂ ಮೂಗು ಮುರಿದು ಕೂತಿದ್ದವರು, ವಾದದಲ್ಲಿ ತಮ್ಮ ಕಡೆಯವರು ಸೋಲುವ ಹಾಗೆ ಕಂಡಾಗ ತಡೆಯಲಾರದೆ ತಾವೂ ಎದ್ದು ನಿಂತರು.

ಟೀ ಹೊತ್ತಿಗೆ ಪಕ್ಕಕ್ಕೆ ಬಂದ ಸಣಕಲು ಮನುಷ್ಯರೊಬ್ಬರು, "ನಿಮಗೆ ಕೋಣೆ ಎಲ್ಲಿ ಕೊಟ್ಟಿದ್ದಾರೆ ಮೇಡಂ?" ಅಂತ ಕೇಳಿದರು. ಹೆಸರಲ್ಲ, ಊರಲ್ಲ, ನೇರ ಕೋಣೆಗೇ ಬಂದರು.

"ಪಂಪ್ ಶೆಡ್ ಪಕ್ಕ."

"ನಾಲ್ಕು ಗೋಡೆ ಇದೆಯಾ?"

"ಇದೆ."

"ಪುಣ್ಯ ಮಾಡಿದ್ರಿ ಬಿಡಿ! ನಂದು ಮೆಟ್ಟಿಲ ಕೆಳಗೆ. ಬೆಲ್ ಹೊಡೆದ್ರೆ ನಾನೂರು ಮಕ್ಕಳು ನನ್ನ ತಲೆ ಮೇಲೆ ದಡದಡ ಇಳೀತಾರೆ. ನನ್ನ ಹತ್ರ ಕಲಿತ ಮಕ್ಕಳು ಎಲ್ಲೇ ಬೆಲ್ ಕೇಳಿದ್ರೂ ಹಾಡು ನಿಲ್ಲಿಸಿ ಬಗ್ತಾರೆ."

ಇನ್ನೊಬ್ಬಾಕೆಯದು ವಿಜ್ಞಾನದ ಲ್ಯಾಬಂತೆ, ಮೂಲೆಯಲ್ಲಿ ಅಸ್ಥಿಪಂಜರ. ಎಷ್ಟೇ ಅಪಸ್ವರ ಬಂದರೂ ಎದ್ದುಹೋಗದ ಕೇಳುಗ ಅದೊಂದೇ ಅಂದರು. ಮೇಡಂ ಬಿಸ್ಕತ್ತು ನೆತ್ತಿಗೇರುವಷ್ಟು ನಕ್ಕರು. ನೋಡಿ, ಗಣಿತದವರಿಗೆ ಸ್ಟಾಫ್ ರೂಮಿನಲ್ಲಿ ಇನ್ನಿಬ್ಬರು ಗಣಿತದವರು ಸಿಗುತ್ತಾರೆ. ಸಂಗೀತದವರು ಶಾಲೆಗೆ ಒಬ್ಬರೇ. ಇಪ್ಪತ್ತೆರಡು ವರ್ಷ ಅವರು ತಮ್ಮ ಕೆಲಸದ ಒಂದು ಮಾತನ್ನೂ, ಅದು ಅರ್ಥವಾಗುವವರ ಹತ್ತಿರ ಆಡಿರಲಿಲ್ಲ. ಆಡಿಲ್ಲ ಅನ್ನುವುದೂ ಇವತ್ತೇ ಗೊತ್ತಾದದ್ದು.

ಎರಡನೇ ದಿನ ಪಾಠಕ್ಕೆ ಬಂದವರು ಒಬ್ಬ ಮುದುಕಿ, ನಿವೃತ್ತ ಟೀಚರು. ಮೇಜಿನ ಹಿಂದೆ ನಿಂತರೆ ಕಾಣದಷ್ಟು ಗಿಡ್ಡ. ಎಲ್ಲರೂ ಗಿಡ್ಡಜ್ಜಿ ಅನ್ನುತ್ತಿದ್ದರು, ಅವರೂ ಹಾಗೇ ಕರೆಸಿಕೊಳ್ಳುತ್ತಿದ್ದರು. ಮೇಡಮ್ಮೂ ಮೆಟ್ಟಿಲ ಮೇಷ್ಟ್ರೂ ಇದ್ದ ಮೂವತ್ತು ಜನರ ಗುಂಪನ್ನು ವೇದಿಕೆಗೆ ಕರೆದು, "ನೀವೀಗ ಮಕ್ಕಳು. ಹಾಡಿ" ಅಂದರು. ಶುರುವಾಯಿತು ನೋಡಿ ಫಜೀತಿ. ಮೂವತ್ತು ಜನರೂ ಕೈಯೆತ್ತಿ ತಾಳ ತೋರಿಸುವವರೇ, ಪಕ್ಕದವರನ್ನು ತಿದ್ದುವವರೇ. ಮಕ್ಕಳಾಗಲು ಒಬ್ಬರೂ ತಯಾರಿಲ್ಲ. ಕೊನೆಗೆ ಗಿಡ್ಡಜ್ಜಿ ಗದರಿಸಿ ಎಲ್ಲರ ಕೈಯನ್ನೂ ಜೇಬಿಗೆ, ಸೆರಗಿಗೆ ಸೇರಿಸಿದ ಮೇಲೆ ಹಾಡು ಹೊರಟಿತು. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಎಲ್ಲರಿಗೂ ಕೇಳಿಸಿದರು.

ಕೇಳಿಸಿದ್ದು ಒಂದೇ ದನಿ. ಮೈಕಮ್ಮನದು. ಉಳಿದ ಇಪ್ಪತ್ತೊಂಬತ್ತು ಜನ ಸತ್ತರೋ ಬದುಕಿದರೋ ತಿಳಿಯದು. ಮೇಡಂ ಮೊದಲು ಹೆಮ್ಮೆಯಿಂದ ಬೀಗಿದರು. ಮೆಟ್ಟಿಲ ಮೇಷ್ಟ್ರು ಕಿಸಕ್ಕನೆ ನಕ್ಕಾಗ ಇದು ಹೆಮ್ಮೆಯ ವಿಷಯವಲ್ಲವೇನೋ ಅಂತ ಅನುಮಾನ ಬಂತು.

"ನಿಮ್ಮ ಕ್ಲಾಸಲ್ಲಿ ಎಷ್ಟು ಮಕ್ಕಳಮ್ಮಾ?" ಗಿಡ್ಡಜ್ಜಿ ಕೇಳಿದರು.

"ನಲವತ್ತೆರಡು."

"ಅವರ ಹಾಡು ಕೇಳಿದ್ದೀರಾ?"

"ಇದೆಂಥ ಪ್ರಶ್ನೆ! ಇಪ್ಪತ್ತೆರಡು ವರ್ಷದಿಂದ ಕೇಳ್ತಾ ಇದ್ದೀನಿ."

"ನೀವು ಬಾಯಿ ಮುಚ್ಕೊಂಡು ಕೇಳಿದ್ದೀರಾ?"

ಇಷ್ಟು ಜನರ ಮುಂದೆ ಇಂಥ ಮಾತು! ಮೇಡಂ ಮುಖ ಕೆಂಪಾಯಿತು. ಪಂಪಿನ ವಿಷಯ ಹೇಳಿ ಬಾಯಿ ಮುಚ್ಚಿಸೋಣ ಅಂದುಕೊಂಡರು. ಅಷ್ಟರಲ್ಲಿ ಗಿಡ್ಡಜ್ಜಿ ಇಡೀ ಸಭೆಯ ಕಡೆ ತಿರುಗಿದರು. "ವಾರ್ಷಿಕೋತ್ಸವ ಹತ್ರ ಬಂದಾಗ, ಸ್ವರ ಹಿಡಿಯದ ಮಗೂಗೆ ‘ನೀನು ಹಾಡ್ಬೇಡ, ಸುಮ್ನೆ ತುಟಿ ಆಡಿಸು’ ಅಂದವರು ಎಷ್ಟು ಜನ ಇದ್ದೀರಿ?"

ಇನ್ನೂರು ಜನ ತಮ್ಮ ತಮ್ಮ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಗಿಡ್ಡಜ್ಜಿ ಮೊದಲು ತಮ್ಮ ಕೈಯನ್ನೇ ಎತ್ತಿದರು. "ನಾನೇ ಒಂದು ನೂರು ಮಕ್ಕಳಿಗೆ ಹೇಳಿರಬೇಕು. ಆಮೇಲೆ ಹೋಗಿ ‘ಇನ್ನು ಹಾಡಪ್ಪಾ’ ಅಂತ ಹೇಳಿದ್ದು ಒಬ್ಬರಿಗೂ ಇಲ್ಲ." ಆಮೇಲೆ ಮೆಟ್ಟಿಲ ಮೇಷ್ಟ್ರ ಕೈ ಎದ್ದಿತು. ಆಮೇಲೆ ಅಸ್ಥಿಪಂಜರದಾಕೆಯದು. ನೋಡನೋಡುತ್ತಾ ಇಡೀ ಸಭಾಂಗಣವೇ ಕೈಯೆತ್ತಿ ನಿಂತಿತು. ಮೇಡಂ ಕೈ ಕೊನೆಗೆ ಎದ್ದಿತು, ಅದೂ ಅರ್ಧಕ್ಕೆ.

ಬುಧವಾರ ಹನ್ನೊಂದಕ್ಕೆ ಮೇಡಂ ಆರನೇ ಕ್ಲಾಸಿನ ಮಕ್ಕಳಿಗೆ ಎಂದಿನಂತೆ ಶ್ರುತಿ ಕೊಟ್ಟು, ಎಂದಿಲ್ಲದಂತೆ ಬಾಯಿ ಮುಚ್ಚಿಕೊಂಡರು. ನಲವತ್ತೆರಡು ಬಾಯಿ ತೆರೆದವು. ದನಿ ಬಂದದ್ದು ಆರರಿಂದ. ಮೂವತ್ತಾರು ಮಕ್ಕಳು ಬಹಳ ಅಚ್ಚುಕಟ್ಟಾಗಿ, ಒಂದು ಅಕ್ಷರವೂ ತಪ್ಪದೆ ತುಟಿ ಆಡಿಸುತ್ತಿದ್ದರು. ಮೇಡಂ ಮೊದಲ ಸಾಲಿನ ಹುಡುಗಿಯ ಮುಂದೆ ಹೋಗಿ ನಿಂತರು.

"ನೀನ್ಯಾಕೆ ಹಾಡಲ್ವೇ?"

"ನೀವೇ ಹೇಳಿದ್ರಲ್ಲ ಮೇಡಂ, ಮೂರನೇ ಕ್ಲಾಸಲ್ಲಿ."

"ನಿನಗೆ?"

"ನನಗೆ ಹೇಳಿಲ್ಲ ಮೇಡಂ. ಪಕ್ಕದವಳಿಗೆ ಹೇಳಿದ್ರಿ. ನನಗೂ ಸೇರಿಸಿ ಅಂದ್ಕೊಂಡೆ."

"ಮತ್ತೆ ನಿನಗೇನಾಯ್ತೋ?"

"ನೀವೊಬ್ರು ಹಾಡಿದ್ರೆ ಸಾಕಾಗುತ್ತಲ್ಲ ಮೇಡಂ" ಅಂದ ಅವನು, ಬಹಳ ಮರ್ಯಾದೆಯಿಂದ.

ಮೇಡಂ ಕುರ್ಚಿಯ ಮೇಲೆ ಕೂತರು. ಆಮೇಲೆ ಎದ್ದು, ಗಂಟಲು ಸರಿಮಾಡಿಕೊಂಡು, ತುಟಿ ಆಡಿಸುವ ಆರ್ಡರ್ ಇವತ್ತಿಂದ ರದ್ದು, ಎಲ್ಲರೂ ಹಾಡಬೇಕು ಅಂತ ಸಾರಿದರು. ಮಕ್ಕಳು ಹಾಡಿದರು. ಅಯ್ಯಯ್ಯೋ, ಏನು ಹೇಳಲಿ! ಮೂರು ವರ್ಷ ತುಂಬಿಟ್ಟ ಮೂಟೆ ಬಿಚ್ಚಿಕೊಂಡ ಹಾಗೆ ಗಂಟಲುಗಳು ಬಿಚ್ಚಿಕೊಂಡವು. ಒಬ್ಬ ಮೇಲೆ, ಒಬ್ಬಳು ಕೆಳಗೆ, ಒಬ್ಬ ಬೇರೆಯೇ ಹಾಡು. ಪಂಪಿನ ಸದ್ದು ಇಂಪಾಗಿದೆ ಅಂತ ಮೇಡಂಗೆ ಅನ್ನಿಸಿದ್ದು ಆವತ್ತೇ ಮೊದಲು.

ಸಂಜೆ ಮೆಟ್ಟಿಲ ಮೇಷ್ಟ್ರು ಫೋನ್ ಮಾಡಿದರು. "ಎಷ್ಟು ಮೇಡಂ?"

"ಆರು."

"ನಂದು ಮೂರೇ!" ಅಂದರು ಅವರು. ಇಂಥ ಲೆಕ್ಕ ಒಪ್ಪಿಸಲು ಒಂದು ವಾರದ ಹಿಂದೆ ಮೇಡಂಗೆ ಯಾರೂ ಇರಲಿಲ್ಲ.

ಫೋನ್ ಇಟ್ಟು ಮೇಡಂ ಯಜಮಾನರ ಮುಂದೆ ಕೂತರು. "ಶುಕ್ರವಾರ ನಾನು ಬಾಯಿ ತೆಗೆದ್ರೆ ಪೀರಿಯಡ್ ಉಳಿಯುತ್ತೆ. ಮುಚ್ಕೊಂಡ್ರೆ ಹೋಗುತ್ತೆ. ಏನು ಮಾಡ್ಲಿ ರೀ?"

ಯಜಮಾನರು ಭೂತಗನ್ನಡಿ ತೆಗೆದರು. "ಅದೊಂದಿನ ನೀನೇ ಹಾಡಿಬಿಡೇ. ಮೊದಲು ಪೀರಿಯಡ್ ಉಳಿಸ್ಕೋ. ನ್ಯಾಯ ಧರ್ಮ ಎಲ್ಲ ಶನಿವಾರದಿಂದ ನೋಡ್ಕೊಂಡ್ರಾಯ್ತು."

ಮಾತು ಸರಿಯಾಗೇ ಇತ್ತು. ಪೀರಿಯಡ್ಡೇ ಇಲ್ಲದಿದ್ದರೆ ಮಕ್ಕಳು ಹಾಡುವುದಾದರೂ ಎಲ್ಲಿ? ಮೇಡಂ ಒಪ್ಪಿಕೊಂಡರು. ಗುರುವಾರವೆಲ್ಲ ಬಿಸಿನೀರು ಕುಡಿದು ಗಂಟಲು ಹದ ಮಾಡಿಕೊಂಡರು.

ಶುಕ್ರವಾರ ಶಾಲೆಯ ಸಭಾಂಗಣದಲ್ಲಿ ಟೀಚರುಗಳೆಲ್ಲ ಸಾಲಾಗಿ ಕೂತರು. ಹೆಡ್ಮಾಸ್ಟರು ಕೈಯಲ್ಲಿ ಹೊಸ ವೇಳಾಪಟ್ಟಿ ಹಿಡಿದಿದ್ದರು, ಎರಡು ಚೌಕ ಖಾಲಿ ಬಿಟ್ಟಿತ್ತು. ಗಣಿತದ ಮೇಷ್ಟ್ರು ಮೊದಲ ಸಾಲಿನಲ್ಲೇ ಕೈಕಟ್ಟಿ ಕೂತಿದ್ದ. ಮೇಡಂ ಶ್ರುತಿ ಕೊಟ್ಟು, ಎದೆ ತುಂಬ ಉಸಿರೆಳೆದುಕೊಂಡರು. ಆ ಉಸಿರಿನ ಸದ್ದು ಕೇಳಿದ್ದೇ ತಡ, ಎದುರಿಗಿದ್ದ ಮಕ್ಕಳ ಭುಜಗಳು ಅವರ ಕಣ್ಣೆದುರೇ ಸಡಿಲವಾದವು. ಮೇಡಂ ಹಾಡುತ್ತಾರೆ, ನಾವು ತುಟಿ ಆಡಿಸಿದರಾಯಿತು ಅಂತ ಮೂವತ್ತಾರು ಮುಖಗಳೂ ನಿರಾಳವಾದವು. ಯಾರಿಗೂ ಬೇಸರವಿರಲಿಲ್ಲ. ಆ ಬೇಸರವಿಲ್ಲದ ಮುಖಗಳನ್ನು ನೋಡಿಯೇ ಮೇಡಂಗೆ ಸಂಕಟವಾದದ್ದು. ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟರು. ಬಾಯಿ ಮುಚ್ಚಿದರು. ಕೈಯಿಂದ ಮಕ್ಕಳಿಗೆ, ನೀವೇ, ಅಂತ ತೋರಿಸಿದರು.

ನಲವತ್ತೆರಡೂ ಹಾಡಿದವು. ಡ್ರಿಲ್ ಮೇಷ್ಟ್ರು ಕಿವಿ ಮುಚ್ಚಿಕೊಂಡರು. ಹೆಡ್ಮಾಸ್ಟರು ಯಾರಿಗೋ ಪೆಟ್ಟಾಗಿದೆಯೇನೋ ಅನ್ನುವ ಹಾಗೆ ಬಾಗಿಲ ಕಡೆ ನೋಡಿದರು. ಹಾಡು ಮುಗಿಯಿತು, ಒಂದೇ ಕಡೆಯಲ್ಲಲ್ಲ, ಐದಾರು ಕಡೆ.

"ಮೇಡಂ, ಇದಕ್ಕಾ ಮೂರು ದಿನ ಕಳಿಸಿದ್ದು?" ಅಂದರು ಹೆಡ್ಮಾಸ್ಟರು.

"ಇದಕ್ಕೇ ಸಾರ್" ಅಂದರು ಮೇಡಂ. "ಈ ವಾರದ ತನಕ ಇವರಲ್ಲಿ ಆರು ಜನ ಹಾಡ್ತಿದ್ರು. ಉಳಿದವರಿಗೆ ಸುಮ್ನೆ ತುಟಿ ಆಡಿಸಿ ಅಂದವಳು ನಾನು. ನನ್ನ ಗಲಾಟೇಲಿ ಅದು ನನಗೇ ಕೇಳಿಸಿರಲಿಲ್ಲ. ಅಲ್ಲಿಗೆ ಹೋಗದಿದ್ರೆ ಕೇಳಿಸ್ತಾನೂ ಇರಲಿಲ್ಲ. ಆ ಆರ್ಡರ್ ರದ್ದು ಮಾಡಿದ್ದೀನಿ. ಇವತ್ತು ನಲವತ್ತೆರಡೂ ಹಾಡಿದ್ವು. ಪ್ರಯೋಜನ ಅಂದ್ರೆ ಇಷ್ಟೇ. ಪೀರಿಯಡ್ ಬೇಕಾದ್ರೆ ತಗೊಳ್ಳಿ."

ಗಣಿತದ ಮೇಷ್ಟ್ರು ಎದ್ದು ನಿಂತ. ಮುಗಿಯಿತು ಕಥೆ ಅಂದುಕೊಂಡರು ಮೇಡಂ.

"ಆರರಿಂದ ನಲವತ್ತೆರಡು. ಏಳು ಪಟ್ಟು ಸಾರ್" ಅಂದ ಅವನು. "ನನ್ನ ಸಬ್ಜೆಕ್ಟಲ್ಲಿ ಒಂದು ವಾರಕ್ಕೆ ಯಾವುದೂ ಏಳು ಪಟ್ಟಾಗಲ್ಲ. ಇದನ್ನ ಬರೆದು ಕಮಿಟಿಗೆ ಕೊಡಿ, ಕಣ್ಣಿಗೆ ಕಾಣುತ್ತೆ. ನನಗೆ ಪೀರಿಯಡ್ ಬೇಡ."

ಹೆಡ್ಮಾಸ್ಟರಿಗೆ ಬೇಕಾಗಿದ್ದದ್ದೇ ಒಂದು ಸಂಖ್ಯೆ. ಖುಷಿಯಿಂದ ಎರಡೂ ಚೌಕದಲ್ಲಿ ಸಂಗೀತ ಅಂತ ಬರೆದುಕೊಂಡರು. ಗಣಿತದ ಮೇಷ್ಟ್ರು ಮಾತ್ರ ಕೂರಲಿಲ್ಲ. ಕರ್ಚೀಫನ್ನು ಹಿಂಡುತ್ತಾ ನಿಂತೇ ಇದ್ದ.

"ಮೇಡಂ, ಆರನೇ ಕ್ಲಾಸು, ಹಿಂದಿನ ಸಾಲು, ಎಡಗಡೆ ಕೊನೆ. ವಾರ್ಷಿಕೋತ್ಸವಕ್ಕೆ ಎರಡು ದಿನ ಇತ್ತು. ನನಗೂ ಹೇಳಿದ್ರಿ. ಆಮೇಲೆ ನಾನು ಬಚ್ಚಲಲ್ಲೂ ಹಾಡಿಲ್ಲ." ಅವನು ನಗಲು ನೋಡಿದ, ಆಗಲಿಲ್ಲ. "ರದ್ದಾಯ್ತು ಅಂದ್ರಲ್ಲ, ಅದು ಹಳೇ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತಾ?"

ಮೇಡಂ ನೆನಪು ಮಾಡಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಅವನಿಗೆ ಸಾಲು, ಮೂಲೆ, ದಿನ ಎಲ್ಲ ನೆನಪಿದೆ, ತನಗೆ ಒಂದು ಚೂರೂ ಇಲ್ಲ.

"ತಪ್ಪಾಯ್ತಪ್ಪಾ" ಅಂದರು. "ಬಾ, ನಿಲ್ಲು."

ಮಕ್ಕಳು ಕಿಲಕಿಲ ನಗುತ್ತಾ ಜಾಗ ಬಿಟ್ಟುಕೊಟ್ಟರು. ಅವನು ಹಿಂದಿನ ಸಾಲಿಗೆ ಹೋಗಲಿಲ್ಲ, ಮುಂದೆಯೇ ನಿಂತ. ಮೇಡಂ ಶ್ರುತಿ ಕೊಟ್ಟರು, ಅವನು ಕಣ್ಣು ಮುಚ್ಚಿ ಹಾಡಿದ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಅಪಸ್ವರವನ್ನು ಮೇಡಂ ಕೇಳಿರಲಿಲ್ಲ, ಶ್ರುತಿ ಒಂದು ದಿಕ್ಕಿಗೆ, ಅವನು ಇನ್ನೊಂದು ದಿಕ್ಕಿಗೆ. ಅಭ್ಯಾಸಬಲದಿಂದ ಅವರ ಬೆರಳು ತುಟಿಯ ಹತ್ತಿರ ಹೊರಟೇಬಿಟ್ಟಿತ್ತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಬೆನ್ನ ಹಿಂದೆ ಕಟ್ಟಿಕೊಂಡರು.

"ಇನ್ನೂ ಸ್ವಲ್ಪ ಜೋರಾಗಿ ಮಗಾ" ಅಂದರು.