ದ್ಯಾಮವ್ವನ ದನಿ ನನ್ನೊಳಗಿತ್ತು

ನಾನು ಒಂದು ರೆಕಾರ್ಡರ್. ಮುಷ್ಟಿಯಲ್ಲಿ ಹಿಡಿದರೆ ಮುಚ್ಚಿಹೋಗುವಷ್ಟೇ ದೊಡ್ಡವ. ನನಗೆ ಕಣ್ಣಿಲ್ಲ, ಮೂಗಿಲ್ಲ. ಇರುವುದು ಎರಡು ಕಿವಿ, ಅವೂ ಜೀರಿಗೆ ಕಾಳಿನಷ್ಟು. ಆದರೆ ಆ ಕಿವಿಗಳ ಬಗ್ಗೆ ನನಗೆ ಜಂಬವಿದೆ. ಅದನ್ನು ಮುಚ್ಚಿಟ್ಟುಕೊಂಡು ಮಾತಾಡುವುದು ನನ್ನಿಂದಾಗದು.

ನಾನು ಹುಟ್ಟಿದ್ದು ಕಡಲಾಚೆಯ ಯಾವುದೋ ಕಾರ್ಖಾನೆಯಲ್ಲಿ. ತಿರುಪು ಬಿಗಿದ ಹೆಂಗಸು ನನ್ನ ಮುಂದೆ ನಾಲ್ಕು ಮಾತಾಡಿ, ಸರಿಯಾಗಿ ಕೇಳುತ್ತದೆಯೇ ಎಂದು ನೋಡಿ, ಅಳಿಸಿ, ಡಬ್ಬಿಗೆ ಹಾಕಿದಳು. ಅದು ಯಾವ ಭಾಷೆಯೋ ಇವತ್ತಿಗೂ ತಿಳಿಯದು. ಹಡಗು, ಲಾರಿ ಎಲ್ಲ ಹತ್ತಿ ಇಳಿದು ಹುಬ್ಬಳ್ಳಿಯ ಒಂದು ಅಂಗಡಿ ಸೇರಿದೆ. ಅಲ್ಲಿಂದ ನನ್ನನ್ನು ಒಯ್ದವರು ಮಲ್ಲೇಶಪ್ಪ ಹೂಗಾರ, ಒಂದು ದಿನಪತ್ರಿಕೆಯ ಜಿಲ್ಲಾ ವರದಿಗಾರರು.

ಅವರ ಅಂಗಿಯ ಜೇಬಿನಲ್ಲಿ ಹನ್ನೊಂದು ವರ್ಷ ಕಳೆದೆ. ಮಂತ್ರಿಗಳ ಭಾಷಣ, ರಸ್ತೆ ತಡೆಯ ಗದ್ದಲ, ಆಸ್ಪತ್ರೆಯ ವರಾಂಡದ ಅಳು, ಎಲ್ಲವನ್ನೂ ಕೇಳಿದೆ. ಹೂಗಾರರು ನನ್ನಿಂದ ಕೇಳಿ ಬರೆದುಕೊಳ್ಳುತ್ತಿದ್ದರು, ಬರೆದು ಮುಗಿದ ಕೂಡಲೇ ಅಳಿಸುತ್ತಿದ್ದರು. ಹೆದರಿ ಮಾತಾಡುವವರಿಗೆ ಅವರು ಕೊಡುತ್ತಿದ್ದ ಭರವಸೆ ಒಂದೇ: "ಹೆಸರು ಬದಲು ಮಾಡ್ತೀನ್ರಿ, ಯಾರಿಗೂ ಗೊತ್ತಾಗಂಗಿಲ್ಲ." ನಿಜಕ್ಕೂ ಯಾರಿಗೂ ಗೊತ್ತಾಗಲಿಲ್ಲ. ತಮ್ಮನ್ನು ನಂಬಿದ ಒಬ್ಬರಿಗೂ ತೊಂದರೆಯಾಗಲಿಲ್ಲ ಎಂಬ ಹೆಮ್ಮೆ ಅವರಿಗಿತ್ತು.

ನಿವೃತ್ತಿಯಾದ ಮೇಲೆ ಅವರು ಒಂದು ಕಾಲೇಜಿನ ಪತ್ರಿಕೋದ್ಯಮ ವಿಭಾಗಕ್ಕೆ ಪಾಠ ಹೇಳಲು ಹೋದರು. ಜೇಬಿನಲ್ಲಿ ನಾನೂ ಹೋದೆ. ಮೊದಲ ವಾರವೆಲ್ಲ ಅವರು ಸೀನಿದ್ದೇ ಸೀನಿದ್ದು. ಅದು ಮೆಣಸಿನಕಾಯಿ ವ್ಯಾಪಾರದ ಊರು ಎಂದು ನನಗೆ ತಿಳಿದದ್ದು ಹಾಗೆ.

ಆ ವರ್ಷವೇ ಹೊಸ ಪಠ್ಯ ಬಂತು. ಒಂದೇ ಸುದ್ದಿಯನ್ನು ವಿದ್ಯಾರ್ಥಿಗಳು ಮೂರು ಬಗೆಯಲ್ಲಿ ಕೊಡಬೇಕು: ವಿಭಾಗದ ಪತ್ರಿಕೆಗೆ ವರದಿ, ಕಾಲೇಜಿನ ರೇಡಿಯೋಗೆ ಕಾರ್ಯಕ್ರಮ, ಮೊಬೈಲಿಗೆ ವಿಡಿಯೋ. ಹೂಗಾರ ಸರ್ ತಲೆ ಕೆರೆದುಕೊಂಡರು. "ನಾ ಒಂದ ಪೆನ್ನಿನ ಮ್ಯಾಲ ಬಾಳೇವು ಮಾಡಿದಾಂವ. ನಿಮಗ ಮೂರು ಕೈ ಬೇಕಾಗ್ಯಾವ," ಎಂದರು. ಹುಡುಗರು ನಕ್ಕರು. ವಿಡಿಯೋ ಕತ್ತರಿಸುವುದನ್ನು ಆ ಹುಡುಗರಿಂದಲೇ ಕಲಿತರು, ನಾಚಿಕೊಳ್ಳಲಿಲ್ಲ. ನನ್ನನ್ನು ಮಾತ್ರ ಫರ್ಜಾನಾ ನದಾಫ ಎಂಬ ಹುಡುಗಿಯ ಕೈಗಿಟ್ಟರು. ನಡೆಯುವಾಗ ಪೆನ್ನಿನ ಮುಚ್ಚಳ ಕಡಿಯುವ, ಪ್ರಶ್ನೆ ಕೇಳುವ ಮೊದಲು ಉಸಿರು ಬಿಗಿಹಿಡಿಯುವ ಹುಡುಗಿ ಆಕೆ. ಆಕೆಯ ಜೊತೆಗಾರ ವಿನಾಯಕ ಕಮ್ಮಾರನ ಕೈಯಲ್ಲಿ ದೊಡ್ಡ ಮೊಬೈಲಿತ್ತು. ಅದಕ್ಕೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಫರ್ಜಾನಾ ಹಿಡಿದ ಸುದ್ದಿ ಸಣ್ಣದಲ್ಲ. ಊರ ಹೊರಗಿನ ಒಂದು ಗೋದಾಮಿನಲ್ಲಿ ಹನ್ನೆರಡು ಹೆಂಗಸರು ಮೆಣಸಿನಕಾಯಿಯ ತುಂಬು ಬಿಡಿಸುತ್ತಿದ್ದರು, ಅಂದರೆ ತೊಟ್ಟು ಮುರಿದು ಬೇರೆ ಮಾಡುತ್ತಿದ್ದರು. ಅವರು ಸೀರೆಯಲ್ಲಿ ಕಾಯಿ ಕಟ್ಟಿಕೊಂಡು ಹೋಗಬಾರದೆಂದು ಮೇಸ್ತ್ರಿ ಹೊರಗಿನಿಂದ ಬಾಗಿಲಿಗೆ ಕೀಲಿ ಹಾಕುತ್ತಿದ್ದ. ಈ ಮಾತನ್ನು ಬಾಯಿಬಿಟ್ಟು ಹೇಳಲು ಒಪ್ಪಿದವಳು ದ್ಯಾಮವ್ವ ಒಬ್ಬಳೇ.

ಆಕೆಯ ಮನೆಯ ಹಿತ್ತಿಲಲ್ಲಿ ನನ್ನನ್ನು ಬೀಸುಕಲ್ಲಿನ ಮೇಲೆ ಇಟ್ಟರು. "ಹ್ವಾದ ತಿಂಗಳ ನೀಲವ್ವ ಉಸರ ಕಟ್ಟಿ ಬಿದ್ಲು," ಎಂದಳು ದ್ಯಾಮವ್ವ. "ಬಾಗಲಾ ಬಡದು ಬಡದು ನಮ್ಮ ಕೈ ಬಾತ್ವು. ಕೀಲಿ ಇದ್ದಾಂವ ಉಣ್ಣಾಕ ಹೋಗಿದ್ದ. ಆಕೀ ಸತ್ತಾ ಹೋಗ್ತಿದ್ಲು." ನಡುನಡುವೆ ಕೆಮ್ಮು. ಎದೆಯಾಳದಿಂದ ಎದ್ದು, ಕೊನೆಗೆ ಸಣ್ಣಗೆ ಸಿಳ್ಳೆ ಹೊಡೆದು ನಿಲ್ಲುವ ಕೆಮ್ಮು. ಅಂಥದ್ದನ್ನು ನಾನು ಇನ್ನೊಬ್ಬರಲ್ಲಿ ಕೇಳಿದ್ದಿಲ್ಲ.

ಕೊನೆಗೆ ಆಕೆ ಕೇಳಿಕೊಂಡದ್ದು ಒಂದೇ. "ಹೇಳಿದಾಕಿ ನಾ ಅಂತ ಗೊತ್ತಾಗಬಾರದು, ಮಗಳ. ಹದಿನಾರು ವರ್ಷದ ಕೆಲಸ. ಗೊತ್ತಾದ್ರ ಆ ಕ್ಷಣಾನ ಹೊರಗ ಹಾಕ್ತಾರ."

"ಆಣಿ ಮಾಡ್ತೀನ್ರಿ ಅವ್ವಾರ. ಗೊತ್ತಾಗಂಗಿಲ್ಲ," ಎಂದಳು ಫರ್ಜಾನಾ.

ಮುಂದಿನ ವಾರ ಮೂರೂ ಕೆಲಸ ಸಿದ್ಧವಾದವು. ವರದಿಯಲ್ಲಿ ದ್ಯಾಮವ್ವ 'ಶಾಂತವ್ವ' ಆದಳು. ವಿಡಿಯೋದಲ್ಲಿ ಮುಖವಿಲ್ಲ, ತೊಟ್ಟು ಮುರಿಯುವ ಕೈ ಮಾತ್ರ. ರೇಡಿಯೋದ ಸರದಿ ಬಂದಾಗ ಹೂಗಾರ ಸರ್, "ರೇಡಿಯೋಕ್ಕ ಅಸಲಿ ದನೀನ ಬೇಕು. ಹೆಸರು ಹೇಳಬ್ಯಾಡ್ರಿ, ಸಾಕು," ಎಂದರು.

ನನಗೆ ಅಲ್ಲೇ ಅಪಾಯ ಕೇಳಿಸಿತು. ಜೀವಮಾನವೆಲ್ಲ ಕಾಗದಕ್ಕೆ ಬರೆದ ಮನುಷ್ಯ ಅವರು. ಕಾಗದದಲ್ಲಿ ಹೆಸರು ಅಳಿದರೆ ಆಳೂ ಅಳಿಯುತ್ತಾನೆ. ಆದರೆ ದ್ಯಾಮವ್ವನ ದನಿ ಕೇಳಿದ ಯಾರಿಗೂ ಗುರುತು ಹಿಡಿಯಲು ಆಕೆಯ ಹೆಸರೇ ಬೇಕಿರಲಿಲ್ಲ. ಇದು ಸರ್‌ಗೆ ಹೊಳೆಯಲಿಲ್ಲ, ಮೂರು ಕಡೆಯೂ ಮುಚ್ಚಿದ್ದೇವೆಂದುಕೊಂಡ ಹುಡುಗರಿಗೂ ಹೊಳೆಯಲಿಲ್ಲ. ನಾನೋ, ಗುಂಡಿ ಒತ್ತಿದರೆ ಮಾತ್ರ ಬಾಯಿ ಬಿಡುವವನು, ಅದೂ ಬೇರೆಯವರ ಮಾತನ್ನು. ಅಂದು ನನ್ನ ಜನ್ಮಕ್ಕೆ ನಾನೇ ಬೈದುಕೊಂಡೆ.

ಶನಿವಾರ ಸಂಜೆ ಐದಕ್ಕೆ ಪ್ರಸಾರವಿತ್ತು. ನಾಲ್ಕೂಕಾಲಿಗೆ ಫರ್ಜಾನಾ ತರಗತಿಯಲ್ಲಿ ಒಬ್ಬಳೇ ಕೂತು ನನ್ನನ್ನು ಇನ್ನೊಮ್ಮೆ ಕೇಳುತ್ತಿದ್ದಳು. ಕಸ ಗುಡಿಸುವ ಕಾಶವ್ವ ಬಾಗಿಲಿಗೆ ಬಂದಳು. ಕಸಬರಿಗೆಯ ಸದ್ದು ನಿಂತಿತು.

"ನಮ್ಮ ಓಣಿ ದ್ಯಾಮವ್ವ ಯಾವಾಗ ಬಂದಿದ್ಲು ಇಲ್ಲಿ?" ಎಂದಳು ಕಾಶವ್ವ.

ಫರ್ಜಾನಾ ದಡಕ್ಕನೆ ಎದ್ದಳು. ನನ್ನನ್ನು ಮುಷ್ಟಿಯಲ್ಲಿ ಹಿಡಿದು ಓಡಿದಳು. ಮೆಟ್ಟಿಲು, ಅಂಗಳ, ಮತ್ತೆ ಮೆಟ್ಟಿಲು. ಆಕೆಯ ನಾಡಿ ನನ್ನ ಬೆನ್ನಿಗೆ ಬಡಿಯುತ್ತಿತ್ತು. ಕಾಲೇಜಿನ ರೇಡಿಯೋ ಹನ್ನೆರಡು ಕಿಲೋಮೀಟರಿನಾಚೆ ಕೇಳಿಸುವುದಿಲ್ಲ, ನಿಜ. ಆದರೆ ಗೋದಾಮು ಇದ್ದದ್ದು ಎರಡೇ ಕಿಲೋಮೀಟರ್ ದೂರದಲ್ಲಿ, ಅಲ್ಲಿ ಮೇಸ್ತ್ರಿಯ ಮೇಜಿನ ಮೇಲೆ ಹಾಡಿಗೆಂದು ದಿನವಿಡೀ ಹಚ್ಚಿಟ್ಟಿದ್ದು ಇದೇ ರೇಡಿಯೋ.

"ಐದರ ಕಾರ್ಯಕ್ರಮ ನಿಲ್ಸು ವಿನ್ಯಾ! ದನಿ ಗುರುತು ಸಿಗತೈತಿ!"

ರೇಡಿಯೋ ಕೋಣೆಯಲ್ಲಿದ್ದ ವಿನಾಯಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಕಂಪ್ಯೂಟರಿನಲ್ಲಿ ಏನೋ ಒತ್ತಿ, ಐದು ಗಂಟೆಗೆ ಹಾಡು ಹಾಕಿದ. ಫರ್ಜಾನಾ ನಿರಾಳವಾಗಿ ಉಸಿರೆಳೆದಳು. ನಾನೂ ಬದುಕಿದೆವು ಎಂದುಕೊಂಡೆ. ಆಗ ವಿನಾಯಕನ ದನಿ ಸಣ್ಣದಾಯಿತು.

"ಆದ್ರ ಪ್ರೋಮೋ ಹೋಗೈತಿ. ಕಾರ್ಯಕ್ರಮ ಐತಿ ಅಂತ ಜನಕ್ಕ ಗೊತ್ತಾಗ್ಲಿ ಅಂತ ಆಕೀ ದನಿ ಒಂದ್ ಹತ್ತು ಸೆಕೆಂಡು ಹಾಕಿದ್ದೆ. ಮೂರು ಗಂಟೆಗ."

"ಯಾವ ಹತ್ತು ಸೆಕೆಂಡು?"

"ಬಾಗಲಾ ಬಡದಿದ್ದು. ಮತ್ತ ಕೆಮ್ಮು."

ಫರ್ಜಾನಾ ನನ್ನನ್ನು ಹಿಡಿದು ದ್ಯಾಮವ್ವನ ಮನೆಗೆ ಓಡಿದಳು. ದ್ಯಾಮವ್ವ ಮನೆಯಲ್ಲೇ ಇದ್ದಳು. ಗೋದಾಮು ಬಿಡುವುದು ಆರಕ್ಕೆ. ಇನ್ನೂ ಐದೂವರೆ ಆಗಿರಲಿಲ್ಲ. ಆಕೆ ಮನೆಯಲ್ಲಿರುವುದೇ ಫರ್ಜಾನಾಗೆ ಎಲ್ಲವನ್ನೂ ಹೇಳಿತು. ಹುಡುಗಿ ಹೊಸ್ತಿಲಲ್ಲೇ ಕೂತಳು.

"ಮೇಸ್ತ್ರಿ ರೇಡಿಯೋ ಆರ್ಸಿ ಒಳಗ ಬಂದ," ಎಂದಳು ದ್ಯಾಮವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು. "ಏನೂ ಕೇಳ್ಲಿಲ್ಲ. ನಮ್ಮ ಸಾಲಿನ ಮುಂದ ಸುಮ್ಮನ ನಿಂತ. ಯಾರ್ ಕೆಮ್ಮತಾರ ನೋಡಾಕ. ನಾ ಉಸರ ಹಿಡದೆ, ಸೆರಗು ಬಾಯಾಗ ತುರಕ್ಕೊಂಡೆ. ಖಾರ ಕೇಳ್ತೈತೇನು? ಬಂದಬಿಡ್ತು. ಹೊರಗ ನಡಿ ಅಂದ."

ಫರ್ಜಾನಾ ಬಿಕ್ಕಿಬಿಕ್ಕಿ ಅತ್ತಳು. ಹಿಂದಿನಿಂದ ಸ್ಕೂಟರ್ ನಿಂತ ಸದ್ದು, ವಿನಾಯಕನಿಂದ ಸುದ್ದಿ ತಿಳಿದು ಬಂದ ಹೂಗಾರ ಸರ್ ಅವರ ಏದುಸಿರು. "ಬೈಯೂದಿದ್ರ ನನಗ ಬೈರಿ ದ್ಯಾಮವ್ವಾರ. ಹೆಸರು ಮುಚ್ಚಿದ್ರ ಸಾಕು ಅಂತ ಕಲಿಸಿದಾಂವ ನಾನು. ಹುಡುಗೀದು ತಪ್ಪಿಲ್ಲ," ಎಂದರು. ಅವರ ದನಿ ಹಾಗೆ ನಡುಗಿದ್ದನ್ನು ಅಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ.

ದ್ಯಾಮವ್ವ ಕೇಳಿದಳು: "ನಾ ಹೇಳಿದ್ದು ಪೂರ್ತಿ ಹಾಕಿದ್ರೇನು?"

"ಇಲ್ರಿ. ತಡದ್ವಿ," ಎಂದಳು ಫರ್ಜಾನಾ.

"ಅಂದ್ರ ನನ್ನ ಕೆಲಸಾನೂ ಹೋತು, ಬಾಗಲಾನೂ ತೆಗೀಲಿಲ್ಲ." ಆಕೆ ಎದ್ದು ಬಂದು ಫರ್ಜಾನಾಳ ಮುಂದೆ ಕೂತಳು. "ಒಳಗ ಇನ್ನಾ ಹನ್ನೊಂದು ಮಂದಿ ಅದಾರ. ಹಚ್ಚು ಆ ಮಷೀನ."

ಫರ್ಜಾನಾ ಕಣ್ಣೊರೆಸಿಕೊಂಡಳು. ಗುಂಡಿ ಒತ್ತಿದಳು.

"ನನ್ನ ಹೆಸರು ದ್ಯಾಮವ್ವ ಫಕ್ಕೀರಪ್ಪ ತಳವಾರ," ಎಂದಳಾಕೆ, ಕೆಮ್ಮಿದಳು, ಕೆಮ್ಮು ನಿಲ್ಲುವ ತನಕ ಕಾದು ಮುಂದುವರಿದಳು. ಗೋದಾಮು ಯಾವುದು, ಕೀಲಿ ಯಾರ ಕೈಯಲ್ಲಿರುತ್ತದೆ, ನೀಲವ್ವ ಎಷ್ಟು ಹೊತ್ತು ನೆಲದ ಮೇಲೆ ಬಿದ್ದಿದ್ದಳು, ಒಂದನ್ನೂ ಬಿಡದೆ ಹೇಳಿದಳು. ಆ ಹದಿನೇಳು ನಿಮಿಷ ನಾನು ಒಂದು ಉಸಿರನ್ನೂ ತಪ್ಪಿಸದೆ ಹಿಡಿದೆ. ಸೋಮವಾರ ಅದು ರೇಡಿಯೋದಲ್ಲಿ ಬಂತು, ಪತ್ರಿಕೆಯಲ್ಲಿ ಬಂತು, ಆಕೆಯ ಮುಖದೊಂದಿಗೆ ಎಲ್ಲರ ಮೊಬೈಲಿಗೂ ಹೋಯಿತು. ಗುರುವಾರ ಕಾರ್ಮಿಕ ಇಲಾಖೆಯವರು ಬಂದು ಕೀಲಿ ತೆಗೆಸಿದರು. ಹನ್ನೊಂದು ಹೆಂಗಸರು ಈಗ ತೆರೆದ ಬಾಗಿಲಿನ ಒಳಗೆ ಕೂತು ತೊಟ್ಟು ಮುರಿಯುತ್ತಾರೆ. ದ್ಯಾಮವ್ವನನ್ನು ಮಾತ್ರ ಮತ್ತೆ ಸೇರಿಸಿಕೊಳ್ಳಲಿಲ್ಲ. ಹೂಗಾರ ಸರ್ ಎರಡು ಸಲ ಗೇಟಿನ ಮುಂದೆ ಹೋಗಿ ನಿಂತರು, ಎರಡು ಸಲವೂ ಹೊರಗಿನಿಂದಲೇ ಕಳಿಸಿದರು. ಊರಿನ ಬೇರೆ ಗೋದಾಮಿನವರೂ ಆಕೆಯನ್ನು ಕರೆಯಲಿಲ್ಲ. ಬಸ್ ನಿಲ್ದಾಣದ ಮುಂದೆ ಹುರಿದ ಶೇಂಗಾ ಮಾರುತ್ತಾಳಂತೆ.

ನನಗೀಗ ವಯಸ್ಸಾಗಿದೆ. ಬ್ಯಾಟರಿಯ ಮುಚ್ಚಳ ಮುರಿದು ರಬ್ಬರ್ ಸುತ್ತಿದ್ದಾರೆ. ವಿಭಾಗದ ಬೀರುವಿನಲ್ಲಿ ತುಕ್ಕು ಹಿಡಿದ ಸ್ಟೇಪ್ಲರ್ ಪಕ್ಕ ನನ್ನ ವಾಸ. ವರ್ಷಕ್ಕೊಮ್ಮೆ, ಹೊಸ ತಂಡದ ಮೊದಲ ತರಗತಿಯಲ್ಲಿ, ಸರ್ ನನ್ನನ್ನು ಹೊರತೆಗೆದು ಈ ಕತೆ ಹೇಳುತ್ತಾರೆ. ತಮ್ಮ ತಪ್ಪನ್ನು ಮೊದಲು ಹೇಳುತ್ತಾರೆ, ಉಳಿದದ್ದನ್ನು ಆಮೇಲೆ.

ಈ ವರ್ಷ ಒಬ್ಬ ಹುಡುಗ ಕೇಳಿದ: "ಬಾಗಲಾ ತೆಗದ್ರಲ್ಲ ಸರ್. ಅಂದ್ರ ಸುದ್ದಿ ಗೆದ್ದಂಗ ಅಲ್ಲೇನ್ರಿ?"

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದನ್ನ ಹೇಳಾಕ ನನಗ ಹಕ್ಕಿಲ್ಲಪಾ. ಬಸ್ ಸ್ಟ್ಯಾಂಡಿಗೆ ಹೋಗ್ರಿ. ಆಕೀನ್ನ ಕೇಳ್ರಿ."

ಹುಡುಗರು ದಡಬಡಿಸಿ ಎದ್ದರು. ಒಬ್ಬಳು ನನ್ನನ್ನು ಕೈಗೆತ್ತಿಕೊಂಡಳು. ಆಸೆಯಾಯಿತು, ಯಾಕೆ ಸುಳ್ಳು ಹೇಳಲಿ. ಇನ್ನೊಮ್ಮೆ ಆ ದನಿಯ ಹತ್ತಿರ ಹೋಗಿ ಕೂರಬಹುದು ಎಂದುಕೊಂಡೆ.

"ಅದನ್ನ ಇಲ್ಲೇ ಇಡವಾ," ಎಂದರು ಸರ್. "ಮೊಬೈಲೂ ಇಟ್ಟು ಹೋಗ್ರಿ. ಬರೇ ಕೇಳಿ ಬರ್ರಿ."

ಅವರು ಹೋದರು. ದ್ಯಾಮವ್ವ ಅವರಿಗೆ ಏನು ಹೇಳಿದಳೋ ನನಗೆ ಗೊತ್ತಿಲ್ಲ. ತಿರುಗಿ ಬಂದವರು ಮೇಜಿನ ಮೇಲಿದ್ದ ತಮ್ಮ ತಮ್ಮ ಮೊಬೈಲುಗಳನ್ನು ಬಹಳ ಹೊತ್ತು ಮುಟ್ಟಲಿಲ್ಲ.