ಹಿಂದೆ ಮುಂದೆ ಸರಿಯುವ ಬ್ರಾಕೆಟ್ಟು

ಕೆಂಪು ಧೂಳು ಕೆಳತುಟಿಯ ಮೇಲೆ ಬಂದು ಕೂತಿತು, ಒರೆಸಿಕೊಳ್ಳಬೇಕು, ಆದರೆ ಎರಡೂ ಕೈಯಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಮೈದುನ ಆತಿಫ, ಆತಿಫನ ಕೈಯಲ್ಲಿ ಕಿರ್ರೆಂದು ಗೋಡೆ ಕೊರೆಯುವ ಡ್ರಿಲ್ಲು, ಜಾಹೀದಾ ತುಟಿ ಬಿಗಿದುಕೊಂಡು ಅವನ ಹಿಮ್ಮಡಿಗಳನ್ನೇ ನೋಡುತ್ತಾಳೆ — ಬಿರುಕಿಲ್ಲದ ನುಣುಪು ಹಿಮ್ಮಡಿ, ಫ್ಯಾನಿನ ಕೆಳಗೆ ಕೂತು ಮೊಬೈಲು ಮಾರುವವನ ಹಿಮ್ಮಡಿ, ಸ್ಟೂಲು ಒಂದಿಷ್ಟು ವಾಲಿಸಿದರೆ ಸಾಕು, ಒಂದಿಷ್ಟೇ, ಬಿದ್ದು ಸೊಂಟ ಮುರಿದುಕೊಂಡರೆ ಇವನಿಗೂ ಒಂದು ಮಂಚ, ಇವನ ಮುಂದೆಯೂ ಒಂದು ಪರದೆ — ತೋಬಾ, ತೋಬಾ, ಆದರೂ ಆ ಯೋಚನೆ ಬೆಲ್ಲದ ಹರಳಿನ ಹಾಗೆ ಬಾಯೊಳಗೆ ಕರಗುತ್ತಲೇ ಇದೆ. ಭಾಭಿ, ಗಟ್ಟಿ ಹಿಡೀರಿ, ಅಲಗ್ಯಾಡಾಕತ್ತೈತಿ, ಅಂದ ಆತಿಫ ಮೇಲಿನಿಂದ. ಹಿಡಿದಿದ್ದೇನಪ್ಪ, ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಹಿಡಿದೇ ನಿಂತಿದ್ದೇನೆ, ನೀನು ಮೂಗು ಸುರಿಸಿಕೊಂಡು ತಿರುಗುತ್ತಿದ್ದಾಗ ನಿನ್ನ ಗದ್ದ ಹಿಡಿದು ಮುಖ ತೊಳೆದದ್ದೂ ಇದೇ ಕೈ, ಈಗ ನಿನ್ನ ಅಣ್ಣನನ್ನು ಮುಚ್ಚಿಡುವುದಕ್ಕೆ ನೀನು ಹತ್ತಿದ ಸ್ಟೂಲು ಹಿಡಿದದ್ದೂ ಇದೇ ಕೈ. ಡ್ರಿಲ್ಲು ನಿಂತಿತು. ಕಿವಿಯೊಳಗೆ ಮಾತ್ರ ಇನ್ನೂ ತಿರುಗುತ್ತಿತ್ತು.

ಕೆಳಗಿನಿಂದ ನಿಲೋಫರ ಬ್ರಾಕೆಟ್ಟು ಎತ್ತಿಕೊಟ್ಟಳು, ಆತಿಫನ ಹೆಂಡತಿ, ಮೂಗುಬೊಟ್ಟನ್ನು ಬೆಳಗ್ಗೆಯೇ ಹೊಳೆಯುವ ಹಾಗೆ ತಿಕ್ಕಿಕೊಂಡಿದ್ದಾಳೆ, ಹುಬ್ಬಳ್ಳಿಯಿಂದ ತಾನೇ ಆರಿಸಿ ತಂದ ಬ್ರಾಕೆಟ್ಟು, ಬಂಗಾರದ ಬಣ್ಣದ್ದು, ಗೋಡೆಗೆ ಕೂರುವ ಒಂದು ದುಂಡು ಬಿಲ್ಲೆ, ಬಿಲ್ಲೆಯಿಂದ ಚಾಚಿದ ಒಂದು ಕೊಳವೆ, ಕೊಳವೆಯೊಳಗಿಂದ ಇನ್ನೊಂದು ಸರಳು ನಾಲಿಗೆಯಂತೆ ಹೊರಗೆ ಬರುತ್ತದೆ, ತುದಿಯಲ್ಲಿ ಪರದೆಯ ಕೋಲು ಕೂರುವುದಕ್ಕೆ ಬಟ್ಟಲಿನಂಥ ಹಿಡಿಕೆ. ಇದು ಹಿಂದ ಮುಂದ ಸರೀತೈತಿ ಭಾಭಿ, ಸ್ಕ್ರೂ ಸಡ್ಲ ಮಾಡಿದ್ರ ಹೊರಗ ಬರ್ತೈತಿ, ಬ್ಯಾಡಂದ್ರ ಒಳಗ ತಳ್ಳಿದ್ರಾತು, ಎಷ್ಟು ಬೇಕೋ ಅಷ್ಟು ಅಡ್ಜಸ್ಟು, ಅಂತ ನಿಲೋಫರ ಎಳೆದು ತೋರಿಸಿದ್ದಳು ನಿನ್ನೆ, ಹೊಸ ಒಡವೆ ತೋರಿಸುವಂತೆ. ಸಾದಾ ಬ್ರಾಕೆಟ್ಟು ಸಾಲದಂತೆ, ಯಾಕೆಂದರೆ ಗಂಡ ಸುಭಾನಿಯ ಮಂಚ ಗೋಡೆಯಲ್ಲಿ ಹಾಸಿಗೆ ಒಟ್ಟುವ ಗೂಡಿನೊಳಗೆ ಪೂರ್ತಿ ಹಿಡಿಯುವುದಿಲ್ಲ, ನಡುಮನೆಗೆ ಒಂದು ಗೇಣು ಚಾಚಿಕೊಂಡಿದೆ, ಸಾದಾ ಬ್ರಾಕೆಟ್ಟಿಗೆ ಇಳಿಬಿಟ್ಟ ಪರದೆ ಮಂಚದ ಅಂಚಿಗೆ ತಾಗಿ ಉಬ್ಬಿ ನಿಲ್ಲುತ್ತದೆ, ಬಂದವರಿಗೆ ಒಳಗೆ ಏನೋ ಇದೆ ಅಂತ ಗೊತ್ತಾಗಿಬಿಡುತ್ತದೆ. ಏನೋ. ಏನೋ ಅಲ್ಲ, ಯಾರೋ. ಅಡ್ಜಸ್ಟು — ಈ ಮನೆಯಲ್ಲಿ ಈ ಮಾತು ಉಪ್ಪಿಗಿಂತ ಹೆಚ್ಚು ಖರ್ಚಾಗುತ್ತದೆ, ಸುಭಾನಿಯ ಗ್ಯಾರೇಜು ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ತೆರೆದಾಗ ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ ಭಾಭಿ, ಒಳಕೋಣೆ ಇವರ ಮಗಳು ಖುಷ್ಬೂಗೆ ಓದಲು ಬೇಕೆಂದು ಸುಭಾನಿಯನ್ನು ಈ ಗೂಡಿಗೆ ಹಾಕಿದಾಗ ಅಡ್ಜಸ್ಟ್ ಮಾಡ್ಕೋರಿ, ಬಿದ್ದವನು ಸರಿಯುತ್ತಾನೆ, ಬಿದ್ದವನ ಹೆಂಡತಿ ಸರಿಯುತ್ತಾಳೆ, ಹೊರಗೆ ಒಳಗೆ, ಒಳಗೆ ಹೊರಗೆ, ಸ್ಕ್ರೂ ಮಾತ್ರ ಯಾವಾಗಲೂ ಇವರ ಕೈಯಲ್ಲಿ. ಆತಿಫ ಸ್ಕ್ರೂ ಬಿಗಿದ. ಜಾಹೀದಾಳ ಹಲ್ಲೂ ಬಿಗಿದವು.

ಸುಭಾನಿ ಮಂಚದ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಾನೆ, ಲಕ್ವಾ ಹೊಡೆದು ಬಲಮೈ ಸತ್ತು ಹೋದ ಮೇಲೆ ನೋಡುವುದೊಂದೇ ಕೆಲಸ, ಮಾತು ಹೋಯಿತು, ಕಿವಿ ಮಾತ್ರ ಇನ್ನೂ ಗ್ಯಾರೇಜಿನಲ್ಲೇ ಇದೆ, ರಸ್ತೆಯಲ್ಲಿ ಚಿಗಳ್ಳಿ ಕಡೆಯ ಟ್ರ್ಯಾಕ್ಟರು ಗೇರು ತಪ್ಪಿಸಿ ಕೊಸರಿದರೆ ಗಂಟಲಲ್ಲಿ ಗೊರ್ ಎನ್ನುತ್ತಾನೆ, ಬೈಯುವುದೇ ಅದು, ಡ್ರೈವರನನ್ನು ಬೈಯುವುದು. ಆ ಗೊರ್ ಇವತ್ತು ಕೇಳಿಸಬಾರದು. ಯಾಕೆಂದರೆ ದಾಂಡೇಲಿಯಿಂದ ಖುಷ್ಬೂನ ನೋಡಲು ಬರುತ್ತಿದ್ದಾರೆ, ಹುಡುಗ ದಾನಿಶ, ಅವನ ತಂದೆ ತಾಯಿ, ಲಾರಿ ಇಟ್ಟುಕೊಂಡ ಜನ, ಮತ್ತು ಅವರಿಗೆ ನಿಲೋಫರ ಫೋನಿನಲ್ಲಿ ಹೇಳಿಬಿಟ್ಟಿದ್ದಾಳೆ, ನಮ್ಮ ಭಾವ ಜಮಾತಿಗೆ ಹೋಗ್ಯಾರ, ಭಾಭಿ ತವರಿಗೆ ಹೋಗ್ಯಾರ ಅಂತ. ಧರ್ಮಪ್ರಚಾರಕ್ಕೆ ಊರೂರು ತಿರುಗುವ ಜಮಾತಿಗೆ ಹೋದವನು ಇಲ್ಲೇ ಮಲಗಿದ್ದಾನೆ, ತವರಿಗೆ ಹೋದವಳು ಸ್ಟೂಲು ಹಿಡಿದು ನಿಂತಿದ್ದಾಳೆ. ಲಕ್ವಾ ಅಂದ್ರ ಮನಿತನದಾಗ ಐತೇನೋ ಅಂತಾರ್ರಿ, ಅಂದಳು ನಿಲೋಫರ, ಕಣ್ಣಿಗೆ ಸೆರಗು ಕೂಡ ಒತ್ತಿಕೊಂಡಳು, ಹಿಂದಿನ ಸಂಬಂಧ ಹಂಗ ತಪ್ಪೈತಿ, ನಿಮಗ ಗೊತ್ತಿಲ್ಲೇನು, ಖುಷ್ಬೂ ನಿಮಗೂ ಮಗಳಲ್ಲೇನು. ಗೊತ್ತಿದೆ, ತಪ್ಪಿದ್ದು ನಿಜ, ಆ ಹಳಿಯಾಳದ ಮಂದಿ ಮಂಚದ ಕಡೆಗೊಮ್ಮೆ ನೋಡಿ ಚಹಾ ಅರ್ಧಕ್ಕೆ ಬಿಟ್ಟು ಎದ್ದಿದ್ದೂ ನಿಜ, ಖುಷ್ಬೂ ಆಮೇಲೆ ಬಂದು ದೊಡ್ಡಪ್ಪನ ಕಾಲ ಬಳಿ ಕೂತು ಉಗುರು ಕತ್ತರಿಸಿದ್ದೂ ನಿಜ, ಹುಡುಗಿ ಒಳ್ಳೆಯವಳು, ಅದೇ ಸಂಕಟ, ಪೂರ್ತಿ ದ್ವೇಷಿಸುವುದಕ್ಕೂ ಬಿಡುವುದಿಲ್ಲ ಈ ಮನೆ. ಇಬ್ಬರನ್ನೂ ಪಕ್ಕದ ಮನೆಯಲ್ಲಿ ಇಡೋಣವೆಂದು ಆತಿಫ ಹೇಳಿದ್ದ, ಆದರೆ ಸುಭಾನಿಯನ್ನು ಎತ್ತಿ ಸಾಗಿಸುವುದು ಓಣಿಗೆಲ್ಲ ತಮಾಷೆ, ಅದಕ್ಕೇ ಪರದೆ, ಅದಕ್ಕೇ ಬಂಗಾರದ ಬಣ್ಣದ ಬ್ರಾಕೆಟ್ಟು. ಅವರು ಚಹಾ ಕುಡಿದು ಹೋಗೋತನಕ ನೀವು ಒಳಗ ಕುಂದರ್ರಿ, ಭಾವ ಸಪ್ಪಳ ಮಾಡದಂಗ ನೋಡ್ಕೋರಿ, ಅಷ್ಟ, ಅಂದಿದ್ದಳು ನಿಲೋಫರ. ಅಷ್ಟೇ.

ಈಗ ಪರದೆ ಇಳಿದಿದೆ. ಹಸಿರು ಬಟ್ಟೆ, ದಪ್ಪ, ಅಂಗಡಿಯ ಗಂಜಿ ವಾಸನೆ ಇನ್ನೂ ಹೋಗಿಲ್ಲ, ಕಿಟಕಿಯ ಬೆಳಕು ಅದಕ್ಕೆ ಬಡಿದು ಒಳಗೆಲ್ಲ ಕೆರೆಯ ತಳದ ಬಣ್ಣ, ಸುಭಾನಿಯ ಮುಖ ಹಸಿರು, ತನ್ನ ಕೈ ಹಸಿರು, ಅತ್ತಿವೇರಿ ಜಲಾಶಯದ ನೀರು ಹೀಗೇ ಇತ್ತು, ಮದುವೆಯಾದ ಹೊಸತರಲ್ಲಿ ಸ್ಕೂಟರಿನ ಮೇಲೆ ಕರೆದುಕೊಂಡು ಹೋಗಿದ್ದ, ಹಕ್ಕಿ ತೋರಿಸುತ್ತೇನೆಂದು, ತೋರಿಸಿದ್ದು ಮಾತ್ರ ಅರಣ್ಯ ಇಲಾಖೆಯ ಕೆಟ್ಟು ನಿಂತ ಜೀಪು, ಅದರ ಬಾನೆಟ್ಟು ಎತ್ತಿ ಮಧ್ಯಾಹ್ನವೆಲ್ಲ ಅದರೊಳಗೆ ತಲೆ ಹಾಕಿ ನಿಂತ, ಅವಳು ಕಟ್ಟೆಯ ಮೇಲೆ ಒಬ್ಬಳೇ ಕೂತು ಬುತ್ತಿ ತಿಂದಳು, ಆಗಲೂ ಸಿಟ್ಟು, ಈಗ ನೆನೆದರೆ ಆ ಸಿಟ್ಟೇ ಸುಖ, ಬೆನ್ನು ತಿರುಗಿಸಿ ನಿಂತ ಗಂಡನ ಮೇಲೆ ಸಿಟ್ಟು ಮಾಡುವ ಸುಖ, ಬೆನ್ನು ಅಂದರೆ ಅದು ಬೆನ್ನು. ಈಗ ಆ ಬೆನ್ನಿಗೆ ಪೌಡರು ಹಾಕಿ ಮಗ್ಗಲು ತಿರುಗಿಸಬೇಕು. ಹೊರಗೆ ಕಾರಿನ ಬಾಗಿಲು ಬಡಿದವು, ಸಲಾಮು, ಸಲಾಮು, ಚಪ್ಪಲಿ ಬಿಡುವ ಸದ್ದು, ನಿಲೋಫರಳ ಆ ಜೇನು ಸವರಿದ ಹೊಸ ದನಿ, ಬರ್ರಿ, ಬರ್ರಿ, ಒಳಗ ಬರ್ರಿ. ಜಾಹೀದಾ ಮಂಚದ ಅಂಚಿಗೆ ಮುದುಡಿ ಕೂತಳು. ಸುಭಾನಿಯ ಬಾಯಿಯ ಓರೆಯಿಂದ ಜೊಲ್ಲು ಇಳಿಯಿತು, ಒರೆಸಿದಳು, ಒರಟಾಗಿ, ಯಾಕೆ ಒರಟಾಗಿ, ಅವನೇನು ಮಾಡಿದ.

ಪರದೆಯ ಆಚೆ ನೆರಳುಗಳು ಕೂತವು. ದಪ್ಪ ನೆರಳೊಂದು ದಾನಿಶನ ತಾಯಿ ಇರಬೇಕು, ಬಳೆ ಸದ್ದು ಅಲ್ಲಿಂದಲೇ, ತೆಳ್ಳನೆಯದು ಹುಡುಗನದು, ಗಂಡಸಿನ ಗಡಸು ದನಿ ಅವನ ತಂದೆಯದು. ಛಲೋ ಪರದೆ ಹಾಕೀರಿ, ಅಂದಳು ತಾಯಿ, ಮತ್ತು ನಿಲೋಫರ, ಹೌದ್ರಿ, ಹಿಂದ ಹಾಸಿಗಿ ಗೀಸಿಗಿ ಒಟ್ಟೀವಿ, ಅಂತ ನಕ್ಕಳು. ಹಾಸಿಗೆ ಗೀಸಿಗೆ — ಇವನು ಹಾಸಿಗೆ, ನಾನು ಗೀಸಿಗೆ. ಚಹಾ ಬಂತು, ಕಪ್ಪು ಬಸಿಗೆ ತಾಗುವ ಸದ್ದು, ಖುಷ್ಬೂ ತಂದಿರಬೇಕು, ಯಾರೋ ಏನು ಓದಿದೆಯಮ್ಮ ಅಂತ ಕೇಳಿದರು, ಹುಡುಗಿಯ ಉತ್ತರ ನೆಲಕ್ಕೆ ಬಿತ್ತು, ಕೇಳಿಸಲಿಲ್ಲ, ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಬಂತು, ದೇವರೇ, ತಿರುವಿನಲ್ಲಿ ಗೇರು ಕೊಸರಿತು, ಅವಳು ಅಂಗೈಯನ್ನು ಗಂಡನ ಬಾಯಿಯ ಮೇಲೆ ಒತ್ತಿ ಹಿಡಿದಳು, ಬಿಸಿ ಉಸಿರು, ಗಡ್ಡದ ಮುಳ್ಳು, ಗೊರ್ ಎನ್ನುವುದು ಅಂಗೈಯೊಳಗೇ ನಡುಗಿ ಸತ್ತಿತು. ಈ ಕೈಯಿಂದ ಗಂಡನ ಬಾಯಿ ಮುಚ್ಚಿಸಿದಿರಿ. ನೋಡಿಕೊಳ್ಳುತ್ತೇನೆ ನಿಮ್ಮನ್ನು. ಒಬ್ಬೊಬ್ಬರನ್ನೂ ನೋಡಿಕೊಳ್ಳುತ್ತೇನೆ.

ಆಗಲೇ ದಾನಿಶನ ತಂದೆ ಕೇಳಿದ್ದು. ನಿಮ್ಮ ಅಣ್ಣಾರು ಎಲ್ಲಿ, ಸುಭಾನಿ ಮಿಸ್ತ್ರಿ, ಕಾಣವಲ್ಲರಲ್ಲ. ಆತಿಫ ಅಂದ, ಜಮಾತಿಗೆ ಹೋಗ್ಯಾರ್ರಿ, ಮುಂದಿನ ತಿಂಗಳ ಬರ್ತಾರ. ಗಂಡಸು ಛೇ ಅಂದ, ನಿಜವಾದ ಛೇ, ಎದೆಯಿಂದ ಬಂದದ್ದು, ಮತ್ತೆ ಹೇಳಿದ, ಹೇಳುತ್ತಲೇ ಹೋದ, ಸಂಬಂಧದ ಸುದ್ದಿ ಬಂದಾಗ ಆ ಹೆಸರು ಕೇಳಿಯೇ ಒಪ್ಪಿದೆನೆಂದು, ತಾನಿನ್ನೂ ಹುಡುಗನಾಗಿ ಪರರ ಲಾರಿ ಓಡಿಸುವಾಗ ದಾಂಡೇಲಿಗೆ ಬಿದಿರು ಹೇರಿಕೊಂಡು ಹೊರಟದ್ದು ಹಳಿಯಾಳದ ರಸ್ತೆಯ ಕಾಡಿನೊಳಗೆ ಎಕ್ಸೆಲ್ ಮುರಿದು ಕೂತಿತೆಂದು, ಮಾಲೀಕ ಇಳಿದು ಬಂದು ಕೆನ್ನೆಗೆ ಹೊಡೆದನೆಂದು, ಇದೇ ಮುಂಡಗೋಡದಿಂದ ಬಂದ ಸುಭಾನಿ ಮಿಸ್ತ್ರಿ ಮೊದಲು ಆ ಮಾಲೀಕನ ಕೈ ಹಿಡಿದು ದೂರ ನಿಲ್ಲಿಸಿ ಆಮೇಲೆ ಲಾರಿಯ ಕೆಳಗೆ ಹೋದನೆಂದು, ಕೆಸರಿನಲ್ಲಿ ಮಲಗಿ, ಹೆಗಲು ಕೊಟ್ಟು, ಲಾರಿ ಎದ್ದು ನಿಲ್ಲುವ ತನಕ ಹೊರಗೆ ಬರಲಿಲ್ಲವೆಂದು. ಅಂಥಾ ಗಂಡಸನ್ನ ನಾ ಮತ್ತ ನೋಡಿಲ್ಲ, ಅಂದ, ಇವತ್ತ ಅವರ ಕೈ ಹಿಡಿದು ಒಂದ್ ಮಾತು ಹೇಳಬೇಕಂತ ಬಂದಿದ್ದೆ.

ಜಾಹೀದಾ ಗಂಡನನ್ನು ನೋಡಿದಳು. ಅವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಎದೆ ಏರುತ್ತಿತ್ತು, ಏನೋ ಹೇಳುತ್ತಿದ್ದಾನೆ, ಹೇಳುತ್ತಿದ್ದಾನೆ, ಪರದೆ ತೆಗೆ ಅನ್ನುತ್ತಿದ್ದಾನೆ, ಇನ್ನೇನು ಅಂದಾನು, ಇಲ್ಲಿದ್ದೇನೆ ಅಂತ ತೋರಿಸು ಅನ್ನುತ್ತಿದ್ದಾನೆ, ಆ ಮನುಷ್ಯ ಕೈ ಹಿಡಿಯಲು ಅಷ್ಟು ದೂರದಿಂದ ಬಂದಿದ್ದಾನೆ, ಕೈ ಇಲ್ಲೇ ಇದೆ, ಒಂದು ಬಟ್ಟೆಯ ಈಚೆ, ಮತ್ತು ಆಚೆ ಈ ಹೆಂಗಸು ಹಾಸಿಗೆ ಗೀಸಿಗೆ ಅಂತ ನಗುತ್ತಾಳೆ, ಮುರಿಯಲಿ, ಸಂಬಂಧ ಮುರಿಯಲಿ, ಈ ಮನೆ ಗೋಡೆ ಸಮೇತ ಬೀಳಲಿ, ಖುಷ್ಬೂ — ಖುಷ್ಬೂ ಎದ್ದಾಳು, ಹುಡುಗಿಯರು ಏಳುತ್ತಾರೆ, ಬಿದ್ದವನು ಏಳುವುದಿಲ್ಲ. ಅವಳು ಎದ್ದಳು. ಪರದೆ ಹಿಡಿದು ಜಗ್ಗಿದಳು, ಉಂಗುರಗಳು ಕೋಲಿನ ಮೇಲೆ ಗಲಗಲ ಓಡಿದವು, ಬಿಳಿ ಬೆಳಕು ಒಮ್ಮೆಲೇ ಮುಖಕ್ಕೆ ಹೊಡೆಯಿತು, ಕಣ್ಣು ಕತ್ತಲಿಟ್ಟು ಬಿಚ್ಚಿದರೆ ಎಲ್ಲರೂ ಇದ್ದಲ್ಲೇ ಇದ್ದಾರೆ, ನಿಲೋಫರಳ ಬಾಯಿ ತೆರೆದಿದೆ, ಆತಿಫ ನೆಲ ನೋಡುತ್ತಿದ್ದಾನೆ, ಖುಷ್ಬೂ ಟ್ರೇಯನ್ನು ಎದೆಗೆ ಒತ್ತಿಕೊಂಡಿದ್ದಾಳೆ, ದಾನಿಶನ ತಂದೆ ಕುರ್ಚಿಯಿಂದ ಅರ್ಧ ಎದ್ದು, ಚಹಾದ ಕಪ್ಪು ಕೈಯಲ್ಲೇ, ಮಂಚದ ಕಡೆ ನೋಡುತ್ತಿದ್ದಾನೆ. ನೋಡ್ರಿ, ಅಂದಳು ಜಾಹೀದಾ, ಇಲ್ಲೇ ಅದಾರ ನಿಮ್ಮ ಮಿಸ್ತ್ರಿ. ತನ್ನ ದನಿ ತನಗೇ ಗುರುತು ಹತ್ತಲಿಲ್ಲ, ಅಷ್ಟು ಸಂತೋಷವಿತ್ತು ಅದರಲ್ಲಿ.

ಮಂಚ ಕಿರುಗುಟ್ಟಿತು. ಬಟ್ಟೆ ಅವಳ ಮುಷ್ಟಿಯೊಳಗಿಂದ ಜಾರಿತು, ಸಿಕ್ಕಿಹಾಕಿಕೊಂಡಿದೆ ಅಂದುಕೊಂಡಳು, ಮತ್ತೆ ಜಗ್ಗಿದಳು, ಬಟ್ಟೆ ಹಿಂದಕ್ಕೆ ಜಗ್ಗಿತು, ತಿರುಗಿದಳು, ಸುಭಾನಿ — ಸುಭಾನಿಯ ಎಡಗೈ, ತುತ್ತು ಹಿಡಿಯಲೂ ನಡುಗುವ ಎಡಗೈ, ಪರದೆಯ ಅಂಚನ್ನು ಹಿಡಿದಿದೆ, ಬೆರಳಿನ ಗೆಣ್ಣುಗಳು ಬೆಳ್ಳಗಾಗಿವೆ, ಎಳೆಯುತ್ತಿದೆ, ಮುಚ್ಚುವುದಕ್ಕೆ ಎಳೆಯುತ್ತಿದೆ. ಅವನು ಆ ಮನುಷ್ಯನನ್ನು ನೋಡುತ್ತಿಲ್ಲ, ಅವಳನ್ನೂ ನೋಡುತ್ತಿಲ್ಲ, ಮುಖವನ್ನು ಗೋಡೆಯ ಕಡೆ ಒತ್ತಿಟ್ಟಿದ್ದಾನೆ, ಕೈ ಮಾತ್ರ ಎಳೆಯುತ್ತಿದೆ, ಉಂಗುರಗಳು ಒಂದೊಂದಾಗಿ ಹಿಂದೆ ಬರುತ್ತಿವೆ, ಟಕ್, ಟಕ್. ಜಾಹೀದಾ ಬಿಟ್ಟಳು. ಅವಳ ಕೈ ತಾನಾಗಿ ಬಿಟ್ಟಿತು. ಹಸಿರು ಮತ್ತೆ ಮುಚ್ಚಿಕೊಂಡಿತು. ಆಚೆ ಕುರ್ಚಿಯೊಂದು ನೆಲಕ್ಕೆ ಉಜ್ಜಿತು, ದಾನಿಶನ ತಂದೆ ಕೂತಿರಬೇಕು, ಮತ್ತೆ ಅದೇ ಗಡಸು ದನಿ, ಈಗ ಮೆತ್ತಗಾಗಿ, ಪ್ರತಿ ಮಾತನ್ನೂ ಪರದೆಯ ಈಚೆ ಇಡುವ ಹಾಗೆ — ಜಮಾತಿನಿಂದ ಬಂದ ಮ್ಯಾಲ ಮಿಸ್ತ್ರಿಗೆ ನನ್ನ ಸಲಾಂ ಹೇಳ್ರಿ, ಲಗ್ನದ ಮಾತು ನಮ್ಮ ಕಡಿಂದ ಪಕ್ಕಾ ಅಂತ ಹೇಳ್ರಿ. ನಿಲೋಫರ ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಅದು ಯಾರಿಗೆ ಬೇಕು, ಯಾರ ಮೇಲೆ ಸಿಟ್ಟು ಮಾಡಬೇಕು ಈಗ, ಸಿಟ್ಟು ಎಲ್ಲಿಟ್ಟೆ, ಜಾಹೀದಾ ಹುಡುಕುತ್ತಾಳೆ, ನಿಲೋಫರ, ಆತಿಫ, ಬ್ರಾಕೆಟ್ಟು, ಯಾವುದೂ ಕೈಗೆ ಹತ್ತುವುದಿಲ್ಲ, ಬರೇ ಆ ಬೆರಳು. ಸಾಕು, ಬಿಡು, ಮುಚ್ಚಿತು, ಅಂದಳು ಮೆಲ್ಲಗೆ, ಗಂಡನ ಕಿವಿಯಲ್ಲಿ. ಬಿಡಲಿಲ್ಲ. ಬಿಡಿಸಲು ಹೋದಳು, ಒಂದು ಬೆರಳು ಎತ್ತಿದರೆ ಇನ್ನೊಂದು ಬಿಗಿಯುತ್ತದೆ. ಗಂಜಿ ವಾಸನೆಯ ಹಸಿರು ಬಟ್ಟೆ, ಅದರ ಅಂಚಿನಲ್ಲಿ ಬಿಳಿ ಗೆಣ್ಣುಗಳು. ಹಸಿರು ಬಟ್ಟೆ, ಬಿಳಿ ಗೆಣ್ಣುಗಳು. ಬಿಳಿ ಗೆಣ್ಣುಗಳು.