ಹೊಲಿಗೆ ಟೀಚರ್ ಹೆಸರಿಗೆ ಬಂದ ವರದಿ

ಹೊಲಿಗೆ ಟೀಚರ್ ಅವರ ತಮ್ಮ ಮೂರನೆಯ ಸಂದೇಶವನ್ನೂ ಗಟ್ಟಿಯಾಗಿಯೇ ಓದಿದ. ತೀರಿಕೊಂಡ ಅಕ್ಕನ ಮೊಬೈಲಿಗೆ ಬೆಳಗಿನಿಂದ ಸಂತಾಪಗಳು ಬರುತ್ತಿದ್ದವು. ಕೂತವರಿಗೆಲ್ಲ ಕೇಳಲಿ ಎಂದು ಅವನೇ ಈ ಕೆಲಸ ವಹಿಸಿಕೊಂಡಿದ್ದ.

“‘ಇಂಥ ಹೊಲಿಗೆ ಟೀಚರ್ ಇನ್ನು ಸಿಗೋದಿಲ್ಲ.’ ಹ್ಞೂಂ. ಮುಂದಿನದು... ‘ನಿಮ್ಮ ವರದಿ ಬಂದಿದೆ. ಲೈಂಗಿಕ ಸೋಂಕು ಇರುವುದು ಖಚಿತ. ಇಂದು ನಾಲ್ಕು ಗಂಟೆಯೊಳಗೆ ಚಿಕಿತ್ಸೆಗೆ...’”

ಅವನ ನಾಲಿಗೆ ಅಲ್ಲಿಗೆ ನಿಂತಿತು.

“ಅಯ್ಯೋ, ಅದನ್ನ್ಯಾಕೆ ಓದಿದ್ರಿ!” ಹೆಂಡತಿ ಮೊಬೈಲು ಕಿತ್ತುಕೊಂಡಳು. ಆಮೇಲೆ ತಾನೇ ಇನ್ನೊಮ್ಮೆ ಓದಿದಳು. “ಅವರ ಯಜಮಾನ್ರು ಹೋಗಿ ಹನ್ನೆರಡು ವರ್ಷ. ಈ ವಯಸ್ಸಲ್ಲಿ ಇದು ಎಲ್ಲಿಂದ ಬಂತು?”

“ಮಕ್ಕಳಿಗೆ ಆ ಪಾಠ ಬೇರೆ ಹೇಳ್ತಿದ್ರಂತಲ್ಲ,” ಎಂದಳು ಪಕ್ಕದ ಮನೆಯಾಕೆ. “ಅನುಭವಸ್ಥರು.”

“ಅಮ್ಮ ಇನ್ನೂ ಮನೇಲೇ ಇದ್ದಾಳೆ, ಆಂಟಿ,” ಎಂದಳು ಟೀಚರ್ ಮಗಳು. ಧ್ವನಿ ಗಟ್ಟಿಯಾಗಿರಲಿಲ್ಲ. ಅವಳಿಗೂ ಏನೂ ಗೊತ್ತಿರಲಿಲ್ಲ.

ಬಾಗಿಲಲ್ಲಿ ಹೂ ಹಿಡಿದು ನಿಂತಿದ್ದ ಶಾಲೆಯ ಹುಡುಗಿ ಚೋಟು ಒಂದು ಹೆಜ್ಜೆ ಹಿಂದೆ ಸರಿದಳು. ಆ ವರದಿ ಅವಳದು.

*

ಕೆಲವು ದಿನಗಳ ಹಿಂದೆ ವಿಜ್ಞಾನದ ಮೇಷ್ಟ್ರು ಲೈಂಗಿಕ ಆರೋಗ್ಯದ ಪಾಠವನ್ನು “ಮನೆಯಲ್ಲಿ ಓದಿಕೊಳ್ಳಿ” ಎಂದು ದಾಟಿಸಿದ್ದರು. ಹೊಲಿಗೆ ಟೀಚರ್ ಅದನ್ನು ತಮ್ಮ ಪೀರಿಯಡ್ಡಿಗೆ ತೆಗೆದುಕೊಂಡರು. ಹುಡುಗರು, ಹುಡುಗಿಯರು, ಎಲ್ಲರ ಕೈಗೂ ಒಂದು ಹಳೇ ಅಂಗಿ, ನಾಲ್ಕು ಗುಂಡಿ. “ಹೊಲೀತಾ ಕೇಳಿ. ಯಾರೂ ತಲೆ ಎತ್ತೋದು ಬೇಡ. ನಾನೂ ಎತ್ತಲ್ಲ.” ಬರೆದುಕೊಂಡು ಬಂದ ಹಾಳೆ ಓದುವಾಗ ಅವರ ಕಿವಿ ಕೆಂಪಾಗಿತ್ತು. ಆದರೂ ಒಂದು ಪದವನ್ನೂ ನುಂಗಲಿಲ್ಲ.

“ಟೀಚರ್, ಒಂದೇ ಲೋಟದಲ್ಲಿ ಕುಡಿದ್ರೆ ಈ ಕಾಯಿಲೆ ಬರುತ್ತಾ?”

“ಬರಲ್ಲ. ಮುಟ್ಟಿದ್ರೂ ಬರಲ್ಲ. ಬಂದಮೇಲೆ ಬಾಯಿ ಮುಚ್ಕೊಂಡು ಕೂತ್ರೆ ಮಾತ್ರ ಜಾಸ್ತಿ ಆಗುತ್ತೆ.”

ಎಲ್ಲರೂ ಹೋದಮೇಲೆ ಚೋಟು ಉಳಿದಿದ್ದಳು. ಅವಳಿಗೆ ಹೊಲಿಯಲು ಕೊಟ್ಟ ಅಂಗಿಯಲ್ಲಿ ಒಂದು ಗುಂಡಿಯೂ ಕೂತಿರಲಿಲ್ಲ.

*

ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿ ಚೋಟು ಹೆಸರು ಬರೆಯುವಾಗ ಟೀಚರ್ ಪೆನ್ನು ಕಸಿದುಕೊಂಡಿದ್ದರು. ತಮ್ಮ ಹೆಸರು, ತಮ್ಮ ಮೊಬೈಲ್ ನಂಬರು ಬರೆದರು. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ ರಿಜಿಸ್ಟರು ಮುಚ್ಚಿದರು.

“ಯಾರಾದ್ರೂ ನೋಡಿದ್ರೆ, ಟೀಚರ್?”

“ನೋಡ್ಲಿ ಬಿಡೇ. ನನಗೇನು ಗಂಡು ನೋಡ್ತಿದ್ದಾರಾ?” ಎಂದು ನಕ್ಕರು. ಹೊರಗೆ ಬಂದಮೇಲೆ ಮಾತ್ರ, “ನಾನು ಮಾಡಿದ್ದು ಸರಿಯಾ ಅಂತ ಗೊತ್ತಿಲ್ಲ ಕಣೇ,” ಎಂದರು. “ನಿಮ್ಮಮ್ಮನಿಗೆ ಹೇಳಬೇಕಿತ್ತೇನೋ. ವರದಿ ಬರಲಿ, ಇಬ್ಬರೂ ಸೇರಿ ಹೇಳೋಣ.”

*

ಸಾವಿನ ಮನೆಯಲ್ಲಿ ಗಂಟೆ ಎರಡೂವರೆ. ಶವಪೆಟ್ಟಿಗೆ ಎತ್ತಲು ನಾಲ್ವರು ಬೇಕಿತ್ತು. ಮಗಳು, ಹೆಡ್‌ಮಾಸ್ಟರು, ಶಾಲೆಯ ಜವಾನ ಮೂರು ಮೂಲೆಗೆ ನಿಂತರು. ನಾಲ್ಕನೆಯದು ತಮ್ಮನದು. ಅವನು ಕೈಗಳನ್ನು ಜೇಬಿಗೆ ಸೇರಿಸಿದ.

“ನನಗೆ ಬೆನ್ನು ನೋವು ಸಾರ್.”

“ಬೆಳಿಗ್ಗೆ ಬೆಂಚು ಹೊತ್ತಾಗ ಇರಲಿಲ್ಲವಲ್ಲ?” ಎಂದರು ಹೆಡ್‌ಮಾಸ್ಟರು.

“ಮನೇಲಿ ಸಣ್ಣ ಮಕ್ಕಳಿದಾವೆ ಸಾರ್. ಮುಟ್ಟಿ ಏನಾದ್ರೂ ಅಂಟ್ಕೊಂಡ್ರೆ?”

ಚೋಟು ಹೂವನ್ನು ಎದೆಗೆ ಅವುಚಿಕೊಂಡಳು. ಹೇಳಿದರೆ ಸಂಜೆಯೊಳಗೆ ಅಪ್ಪನ ಕಿವಿಗೆ ಬೀಳುತ್ತದೆ, ನಾಳೆ ಇಡೀ ಶಾಲೆಗೆ. ಹೇಳದಿದ್ದರೆ ಟೀಚರ್ ಈ ಮಾತನ್ನು ಹೊತ್ತುಕೊಂಡೇ ಮಣ್ಣಿಗೆ ಹೋಗುತ್ತಾರೆ.

“ಮುಟ್ಟಿದ್ರೆ ಬರಲ್ಲ,” ಎಂದಳು.

ಎಲ್ಲರೂ ತಿರುಗಿದರು.

“ಮತ್ತೆ ಆ ವರದಿ ಟೀಚರ್‌ದಲ್ಲ. ಅವರು ಹೆಸರು ಮಾತ್ರ ಕೊಟ್ಟಿದ್ರು. ಅದು...”

“ಸಾಕು,” ಎಂದಳು ಮಗಳು. ಅವಳ ಕಣ್ಣು ಹುಡುಗಿಯ ಮುಖದಿಂದ ಕದಲಲಿಲ್ಲ. “ಯಾರದು ಅಂತ ಇಲ್ಲಿ ಯಾರಿಗೂ ಬೇಕಾಗಿಲ್ಲ.”

“ಅಲ್ಲ ಕಣೇ, ನಮ್ಮ ಮನೆ ಮರ್ಯಾದೆ...” ತಮ್ಮನ ಹೆಂಡತಿ ಬಾಯಿ ತೆರೆದಳು.

“ಅತ್ತೆ, ನೀವು ಆ ಮೊಬೈಲ್ ಇಲ್ಲಿ ಕೊಡಿ.” ಮಗಳು ಅದನ್ನು ತೆಗೆದುಕೊಂಡು ಚೋಟುವಿನತ್ತ ಬಗ್ಗಿದಳು. “ಇದಾದ ತಕ್ಷಣ ಹೊರಡೋಣ. ನಾಲ್ಕಕ್ಕೆ ಮುಂಚೆ ತಲುಪ್ತೀವಿ. ಸಂಜೆ ನಿಮ್ಮಮ್ಮನ ಹತ್ರಾನೂ ಬರ್ತೀನಿ. ಈಗ ಆ ಮೂಲೆ ಹಿಡಿ.”

ಚೋಟು ಹೂವನ್ನು ಪೆಟ್ಟಿಗೆಯ ಮೇಲಿಟ್ಟು ಹೆಗಲು ಕೊಟ್ಟಳು. ಎತ್ತಿದಾಗ ಪೆಟ್ಟಿಗೆ ಅವಳ ಕಡೆಗೆ ವಾಲಿತು. ಉಳಿದವರ ಹೆಗಲಿನ ಎತ್ತರವೂ ಇರಲಿಲ್ಲ ಅವಳು. ಹೆಡ್‌ಮಾಸ್ಟರು, ಜವಾನ, ಮಗಳು, ಮೂವರೂ ಮೊಣಕಾಲು ಬಗ್ಗಿಸಿದರು. ಪೆಟ್ಟಿಗೆ ಸಮನಾಗುವವರೆಗೂ ಬಗ್ಗಿಸಿ, ಹಾಗೆಯೇ ಬಗ್ಗಿಕೊಂಡು ಮೆಟ್ಟಿಲಿಳಿದರು.